ಬಲ್ಬಿಲ್ಲದ ಬಚ್ಚಲು

ಕುಮಟಾ
೨ ಆಗಸ್ಟ್ ೨೦೨೫

ತಂಗಿ ಮಾಸ್ತಮ್ಮ,

ಪಂಚಮಿಯ ದಿನ ನಿಮ್ಮ ಮನೆಯಿಂದ ಹೊರಟವನು ಶಿರಾಲಿ ಪೇಟೆ ದಾಟುವವರೆಗೂ ಬಸ್ಸಿನ ಕಿಟಕಿಯಿಂದ ಉಗುಳುತ್ತಲೇ ಬಂದೆ. ಬಾಯಲ್ಲಿ ಎಲೆಯಡಿಕೆ ಇರಲಿಲ್ಲ. ಹೇಸಿಗೆ ಇತ್ತು.

ಅರಿಶಿನ ಎಲೆಯ ಕಡಬು ಮಾಡುವವಳು ನೀನು. ಅಮ್ಮನ ನಂತರ ಆ ಕೆಲಸ ಬೇರೆಯವರು ಮಾಡಿದ್ದನ್ನು ನಾನು ಕಂಡಿಲ್ಲ. ಈ ಸಲ ಒಲೆಯ ಮುಂದೆ ನಿನ್ನ ಸೊಸೆ ದಿವ್ಯಶ್ರೀ. ನೀನೋ, ಅಂಗಳದ ಬದಿಯ ಕಟ್ಟಿಗೆ ಕೋಣೆಯ ಹೊಸ್ತಿಲಲ್ಲಿ. ನಿನ್ನದು ಅಂತ ಒಂದು ಬೇರೆ ತಟ್ಟೆ, ಒಂದು ಬೇರೆ ಚೊಂಬು, ಗೋಡೆಗೆ ಒರಗಿಸಿದ ಒಂದು ಚಾಪೆ. ನಿನ್ನ ಮಗ ಮೋಹನ ಅನ್ನವನ್ನು ಮೇಲಿನಿಂದ ಹಾಕಿದ, ಸೌಟು ತಟ್ಟೆಗೆ ತಾಗದ ಹಾಗೆ. ಅದನ್ನು ಹೇಗೆ ಹಾಕುತ್ತಾರೆಂದು ನನಗೆ ಗೊತ್ತು. ನಾನು ಆರು ವರ್ಷದವನಿದ್ದಾಗ ಅಮ್ಮ ಹೊರಗೆ ಕೂತ ದಿನಗಳಲ್ಲಿ ಅಜ್ಜಿ ಹಾಗೆಯೇ ಹಾಕುತ್ತಿದ್ದಳು. ಅಮ್ಮನ ಬೆನ್ನಿಗೆ ಮಳೆಯ ಎರಚಲು ಬೀಳುತ್ತಿತ್ತು. ಉಳಿದವರು ಮರೆತಿರಬಹುದು, ನಾನು ಮರೆತಿಲ್ಲ.

ಆದರೆ ನೀನು ಹೊರಗೆ ಕೂರುವ ಪ್ರಾಯದವಳಲ್ಲ. ಅದೆಲ್ಲ ಮುಗಿದು ಹತ್ತು ವರ್ಷವಾಗಿರಬೇಕು. ಹಾಗಾದರೆ ಇದು ಎಂತದು? ಮನೆಯನ್ನು ಸೊಸೆಯ ಕೈಗೆ ಕೊಟ್ಟ ಮೇಲೆ ಅತ್ತೆ ಕಟ್ಟಿಗೆಯ ಜೊತೆಗೆ ಇರಬೇಕು ಅಂತಲೋ?

ಅಲ್ಲಿಯೇ ಕೇಳಬೇಕಿತ್ತು. ಆದರೆ ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ, ಹಾರ್ನುಗಳ ನಡುವೆ ಕೂತು ಕಿವಿ ಕಳೆದುಕೊಂಡವನು ನಾನು. ನನಗೆ ಕೇಳಬೇಕಾದರೆ ನೀನು ಕಿರುಚಬೇಕು, ಕಿರುಚಿದರೆ ಕೇರಿಗೇ ಕೇಳಬೇಕು. ಫೋನಂತೂ ನನ್ನ ಪಾಲಿಗೆ ಕಲ್ಲು. ಅದಕ್ಕೇ ಬರೆಯುತ್ತಿದ್ದೇನೆ. ನೀನೂ ಬರೆ.

ಆ ಕೋಣೆಗೆ ಒಂದು ಬಲ್ಬು ಸಹ ಇಲ್ಲ. 'ನಿನ್ನ ಬಚ್ಚಲಿಗೂ ಬಲ್ಬಿಲ್ಲವಲ್ಲ' ಅನ್ನಬೇಡ. ಅದು ನನ್ನ ಸೋಮಾರಿತನ. ನಿನ್ನ ಅತ್ತಿಗೆ ಟಾರ್ಚು ಹಿಡಿದು ಹೋಗುತ್ತಾಳೆ, ನಾನು ಬೀಡಿಯ ಬೆಳಕಲ್ಲಿ ಮುಗಿಸುತ್ತೇನೆ. ನಿನಗೆ ಕೊಟ್ಟಿರುವ ಕತ್ತಲೆ ಶಿಕ್ಷೆ. ಯಾರು ಕೊಟ್ಟರು ಅಂತ ಬರೆ.

ನಿನ್ನ ಅಣ್ಣ
ಮಾಬ್ಲೇಶ್ವರ

•

ಶಿರಾಲಿ
೧೧ ಆಗಸ್ಟ್ ೨೦೨೫

ಅಣ್ಣನಿಗೆ ನಮಸ್ಕಾರ.

ನಾವೆಲ್ಲ ಕ್ಷೇಮ. ನೀನೂ ಅತ್ತಿಗೆಯೂ ಕ್ಷೇಮ ಎಂದು ತಿಳಿದಿದ್ದೇನೆ.

ನೀನು ಸುಮ್ಮನೆ ಎಂತೆಂತದೋ ತಲೆಗೆ ಹಾಕಿಕೊಂಡಿದ್ದೀಯ. ನನಗೆ ಮಂಡಿ ನೋವು. ಒಳಗಿನ ಟೈಲ್ಸ್ ನೆಲ ಜಾರುತ್ತದೆ, ಕಟ್ಟಿಗೆ ಕೋಣೆಯದು ಸಗಣಿ ಸಾರಿಸಿದ ನೆಲ, ಕಾಲಿಗೆ ಹಿತ. ಅಷ್ಟೇ. ದಿವ್ಯಶ್ರೀ ಒಳ್ಳೆಯವಳು. ಕಡಬು ಚೆನ್ನಾಗಿಯೇ ಮಾಡಿದ್ದಳು, ನೀನು ಮುಖ ಗಂಟಿಕ್ಕಿಕೊಂಡು ಎರಡೇ ತಿಂದೆ ಅಂತ ಅವಳಿಗೆ ಬೇಜಾರು.

ಈಗ ನಿಂತಿದೆ. ಮಂಡಿ ನೋವು. ನೀನು ಚಿಂತೆ ಮಾಡಬೇಡ.

ಮೋಹನ ನನ್ನನ್ನು ಹೊನ್ನಾವರದ ಹತ್ತಿರ ಒಂದು ಕಡೆ ಕರೆದುಕೊಂಡು ಹೋಗಿದ್ದ. ಅಲ್ಲಿ ಪಾತ್ರಿಯ ಮೈಮೇಲೆ ದೇವರು ಬರುತ್ತದೆ, ಕೇಳಿದ್ದಕ್ಕೆ ಉತ್ತರ ಹೇಳುತ್ತದೆ. ನಾಗನ ಕಲ್ಲಿಗೆ ಮೈಲಿಗೆ ತಾಗಿದೆ ಅಂತ ಬಂತು. ದೀಪಾವಳಿವರೆಗೆ ನೇಮದಲ್ಲಿ ಇರಬೇಕಂತೆ. ಮಂಡಿಗೂ ಒಳ್ಳೆಯದಾಗುತ್ತದೆ ಅಂದರು. ನೀನು ಇದನ್ನೆಲ್ಲ ನಂಬುವುದಿಲ್ಲ, ಅದಕ್ಕೆ ಹೆಚ್ಚು ಬರೆಯುವುದಿಲ್ಲ.

ಚೌತಿಗೆ ಚಕ್ಕುಲಿ ಕಳಿಸುತ್ತೇನೆ.

ಮಾಸ್ತಮ್ಮ

•

ಕುಮಟಾ
೩೦ ಆಗಸ್ಟ್ ೨೦೨೫

ಮಾಸ್ತಮ್ಮ,

ಚಕ್ಕುಲಿ ಡಬ್ಬಿಯನ್ನು ಕಂಡಕ್ಟರ್ ತಂದುಕೊಟ್ಟ. ನಿನ್ನ ಅತ್ತಿಗೆ ಒಂದು ಮುರಿದು ಬಾಯಿಗೆ ಹಾಕಿ ನನ್ನ ಮುಖ ನೋಡಿದಳು. ನಾನೂ ನೋಡಿದೆ. ಇದು ನಿನ್ನ ಕೈಯದಲ್ಲ. ನಿನ್ನ ಚಕ್ಕುಲಿಯ ಕೊನೆಯ ಸುತ್ತನ್ನು ನೀನು ಹೆಬ್ಬೆರಳಲ್ಲಿ ಒತ್ತಿ ಮುಚ್ಚುತ್ತೀಯ, ಆ ಗುರುತು ಇರುತ್ತದೆ. ಇದರಲ್ಲಿ ಬಾಲ ಬಿಚ್ಚಿಕೊಂಡಿತ್ತು.

ಗಣಪತಿಯ ಹಬ್ಬಕ್ಕೂ ನಿನ್ನನ್ನು ಅಡುಗೆಮನೆಗೆ ಬಿಡಲಿಲ್ಲ ಅಂದಾಯಿತು.

ಮಂಡಿ ನೋವಂತೆ! ಮಂಡಿಗೆ ಮೈಲಿಗೆ ಯಾವಾಗ ಬಂತು? ಯಾವನೋ ಒಬ್ಬ ಮೈ ಕುಣಿಸಿ ಹೇಳಿದ, ನಿನ್ನ ಮಗ ಕೈಕಟ್ಟಿ ಕೇಳಿದ, ಸೊಸೆಗೆ ಬೇಕಾದದ್ದು ಸಿಕ್ಕಿತು. ಡಿಗ್ರಿ ಮಾಡಿದವನು, ಸೊಸೈಟಿಯಲ್ಲಿ ಕೆಲಸ, ಕಾರಿಗೆ ಕಂತು ಕಟ್ಟುವವನು. ನನಗೆ ಪಾತ್ರಿಯ ಮೇಲೆ ಅಷ್ಟು ಹೇಸಿಗೆ ಇಲ್ಲ, ಅವನಿಗೆ ಅದು ಹೊಟ್ಟೆಪಾಡು. ಕಲಿತವರ ಮೇಲೆ ವಾಕರಿಕೆ ಬರುತ್ತದೆ. ಅಮ್ಮ ಹೊರಗೆ ಕೂತಾಗ ಒಮ್ಮೆ ಜ್ವರ ಏರಿ ನಡುಗುತ್ತಿದ್ದಳು, ಮೂರನೇ ದಿನ ಮುಗಿಯಲಿ ಅಂತ ಕಾದರು. ಆ ಮನೆಯಲ್ಲಿ ಯಾರಿಗೂ ಅಕ್ಷರ ಗೊತ್ತಿರಲಿಲ್ಲ. ನಿಮ್ಮ ಮನೆಗೆ ಎರಡು ಪತ್ರಿಕೆ ಬರುತ್ತವೆ.

ದಿವ್ಯಶ್ರೀಗೆ ಬೇರೆಯೇ ಒಂದು ಪತ್ರ ಹಾಕಿದ್ದೇನೆ. ಅದರಲ್ಲಿ ಬರೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಅವಳಿಗೆ ನಿದ್ದೆ ಬರದಿದ್ದರೆ ಒಳ್ಳೆಯದೇ ಆತು.

ಇನ್ನು ಮುಂದೆ ಪತ್ರದ ಮೊದಲ ಸಾಲಿನಲ್ಲಿ ಆ 'ಕ್ಷೇಮ' ಬೇಡ. ಸುಳ್ಳಿಗೂ ಒಂದು ಲೆಕ್ಕ ಇರಬೇಕು.

ಮಾಬ್ಲೇಶ್ವರ

•

ಶಿರಾಲಿ
೬ ಸೆಪ್ಟೆಂಬರ್ ೨೦೨೫

ಮಾವನವರಿಗೆ ದಿವ್ಯಶ್ರೀ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಬಂತು. ನನ್ನನ್ನು ನೀವು ಕರೆದ ಹೆಸರುಗಳನ್ನು ನನ್ನ ಅಪ್ಪ ಕುಡಿದಾಗಲೂ ಕರೆದಿರಲಿಲ್ಲ. ಎರಡು ದಿನ ಅಳುತ್ತಲೇ ಇದ್ದೆ. ಮೂರನೇ ದಿನ ಸಿಟ್ಟು ಬಂತು. ಇವತ್ತು ಬರೆಯುತ್ತಿದ್ದೇನೆ. ಅತ್ತೆಗೆ ಗೊತ್ತಿಲ್ಲ.

ಮಾವ, ಅತ್ತೆಯನ್ನು ನಾನು ಹೊರಗೆ ಹಾಕಿಲ್ಲ. ನಾನು ಮದುವೆಯಾಗಿ ಬಂದ ಮೊದಲ ತಿಂಗಳು ಹೊರಗೆ ಕೂತಾಗ ಕೈ ಹಿಡಿದು ಒಳಗೆ ಕರೆದವರು ಅವರು. "ಬಾ ಒಳ್ಗೆ, ಮೀನು ಕೊಯ್ಯೂಕೆ ಕೈ ಬೇಕು, ದೇವ್ರು ಎಂತದೂ ಹೇಳೂದಿಲ್ಲ" ಅಂದಿದ್ದರು. ಅಂದಿನಿಂದ ನಾನು ಒಂದು ದಿನವೂ ಹೊರಗೆ ಕೂತಿಲ್ಲ. ಈಗ ಅವರೇ ಹೋಗಿ ಕೂತಿದ್ದಾರೆ.

ಜುಲೈ ತಿಂಗಳಲ್ಲಿ ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದವರ ಮುಖ ಬಿಳುಚಿತ್ತು. "ಎಂತ ಆತು ಅತ್ತೆ?" ಅಂದೆ. "ಹೊರಗಾದೆ ಮಾರಾಯ್ತಿ, ಈ ಪ್ರಾಯದಲ್ಲಿ, ಯಾರ ಹತ್ರ ಹೇಳೂದು" ಅಂದರು. ಡಾಕ್ಟರ ಹತ್ತಿರ ಹೋಗುವ ಅಂದರೆ ಕೈ ಮುಗಿದರು. ಇವರಿಗೆ ಹೇಳಿದೆ. ಇವರು ಅಮ್ಮನ ಮುಖವನ್ನೂ ನೋಡದೆ, ಮೆಡಿಕಲ್ ಶಾಪಿನವನಿಗೆ ಉರಿಮೂತ್ರ ಅಂತ ಹೇಳಿ ಮಾತ್ರೆ ತಂದರು. ಅವರಿಗೆ ಉರಿಯೇ ಇರಲಿಲ್ಲ. ನಾಲ್ಕು ದಿನದಲ್ಲಿ ನಿಂತಿತು. ಮಾತ್ರೆಯಿಂದ ನಿಂತಿತು ಅಂತ ಇವರು, ಹರಕೆಯಿಂದ ನಿಂತಿತು ಅಂತ ಅತ್ತೆ. ಚೌತಿಯ ಎರಡು ದಿನ ಮೊದಲು ಮತ್ತೆ ಬಂತು. ಆಮೇಲೆ ಪಾತ್ರಿ ಹೇಳಿದ್ದನ್ನು ಅವರು ಗಟ್ಟಿ ಹಿಡಿದರು.

ಒಂದು ಮಾತು ಬರೆಯಲೋ ಬೇಡವೋ ಅಂತ ಯೋಚಿಸಿದೆ. ನೀವು ಗಂಡಸರು, ದೊಡ್ಡವರು. ಆದರೂ ಬರೆಯುತ್ತೇನೆ. ಅವರು ಇಟ್ಟುಕೊಳ್ಳುವ ಬಟ್ಟೆ ಚೊಕ್ಕವಾಗಿಯೇ ಇರುತ್ತದೆ. ಬಚ್ಚಲಿನ ಬಿಳಿ ಕಲ್ಲಿನ ಮೇಲೆ ಮಾತ್ರ ಕೆಂಪು ಕಾಣುತ್ತದೆ, ಅದೂ ಉಚ್ಚೆ ಹೊಯ್ದಾಗ. ನೀರು ಹಾಕಿ ಎಷ್ಟು ತೊಳೆದರೂ ಮೂಲೆಯಲ್ಲಿ ಉಳಿದಿರುತ್ತದೆ. ನನಗೆ ಇದು ಮುಟ್ಟು ಅನ್ನಿಸುವುದಿಲ್ಲ. ಎಂತದು ಅಂತಲೂ ಗೊತ್ತಿಲ್ಲ.

ನಾನು ಹೇಳಿದರೆ ಈ ಮನೆಯಲ್ಲಿ ಕೇಳುವವರಿಲ್ಲ. ನಿಮಗೆ ಬೈಯಲು ಬರುತ್ತದಲ್ಲ, ಸರಿಯಾದವರಿಗೆ ಬೈಯಿರಿ.

ಇತಿ
ದಿವ್ಯಶ್ರೀ

•

ಕುಮಟಾ
೧೨ ಸೆಪ್ಟೆಂಬರ್ ೨೦೨೫

ತಂಗಿ,

ಈ ಪತ್ರವನ್ನು ಒಬ್ಬಳೇ ಓದು. ಓದಿ ಆದ ಮೇಲೆ ಮೋಹನನ ಮುಖಕ್ಕೆ ಹಿಡಿ.

ನನಗೆ ಗೊತ್ತಾಗಿದೆ. ಯಾರು ಹೇಳಿದರು ಅಂತ ಕೇಳಬೇಡ. ಅಣ್ಣ ತಂಗಿಗೆ ಬರೆಯುವ ವಿಷಯವಲ್ಲ ಅಂತ ನೀನು ಪತ್ರ ಮಡಚಿಡಬೇಡ. ನನಗೂ ಬರೆಯಲು ಕೈ ಬರಲಿಲ್ಲ, ನಿನ್ನೆ ಎರಡು ಹಾಳೆ ಹರಿದು ಹಾಕಿದೆ. ನಿನಗೆ ಬಂದಿರುವುದು ಮುಟ್ಟಲ್ಲ, ಉಚ್ಚೆಯಲ್ಲಿ ಹೋಗುತ್ತಿರುವ ರಕ್ತ ಅಂತ ನನಗೆ ಕಾಣುತ್ತದೆ.

ಮೊನ್ನೆ ಇಲ್ಲಿ ಒಬ್ಬ ಹೆಂಗಸು ಡಾಕ್ಟರ ಹತ್ತಿರ ಹೋದೆ. ಗುಟ್ಟಾಗಿ ಕೇಳಿಕೊಂಡು ಬರುವುದು ಅಂತ ಎಣಿಸಿದ್ದೆ. ಕಿವುಡನ ಗುಟ್ಟು! ನಾನು ಪಿಸುಗುಟ್ಟಿದ್ದೇ ಹೊರಗಿನ ಬೆಂಚಿನವರೆಗೆ ಹೋಗಿತ್ತಂತೆ. ಅವರು ಮೆಲ್ಲಗೆ ಕೇಳಿದರು, ನನಗೆ ಕೇಳಲಿಲ್ಲ. ಕೊನೆಗೆ ಮೇಜು ತಟ್ಟಿ ಕೂಗಿದರು. "ಉಚ್ಚೆಯಲ್ಲಿ ರಕ್ತ ಹೋಗ್ತದಾ?"

ಪರದೆಯ ಆಚೆ ಮಾತೆಲ್ಲ ನಿಂತಿತು. ನನಗೆ ಕಿವಿ ಇಲ್ಲದಿದ್ದರೂ ಪರದೆಯ ಸಂದಿಯಲ್ಲಿ ಅದು ಕಂಡಿತು, ಎಲ್ಲರ ಮುಖವೂ ಈ ಕಡೆ ತಿರುಗಿತ್ತು.

"ಮುಟ್ಟು ಅಂತ ಹೊರಗೆ ಕೂತಿದ್ದಾಳೆ" ಅಂತ ನಾನೂ ಕೂಗಿದೆ.

"ಮುಟ್ಟು ನಿಂತು ಎಷ್ಟು ವರ್ಷ ಆತು?"

"ಹತ್ತು."

"ಹಾಗಾದ್ರೆ ಅದು ಮುಟ್ಟಲ್ಲ ಅಜ್ಜ. ಉಚ್ಚೆ ದಾರಿಯಿಂದ ಬರಲಿ, ಗರ್ಭಕೋಶದ ದಾರಿಯಿಂದ ಬರಲಿ, ಆ ಪ್ರಾಯದಲ್ಲಿ ಒಂದು ಸಲ ಕಂಡ್ರೂ ಡಾಕ್ಟರ ಹತ್ರ ಬರ್ಬೇಕು. ಯಾವ ದಾರಿ ಅಂತ ನಾವು ನೋಡ್ತೇವೆ. ನೀವು ಮನೇಲಿ ಕೂತು ತೀರ್ಮಾನ ಮಾಡ್ಬೇಡಿ."

"ನೋವಿಲ್ಲ ಅಂತೆ. ತನ್ನಷ್ಟಕ್ಕೇ ನಿಲ್ಲುತ್ತದಂತೆ."

ಆಗ ಅವರ ಮುಖ ಬದಲಾಯಿತು. "ನೋವಿದ್ರೆ ಜನ ಓಡಿ ಬರ್ತಾರೆ. ನೋವಿಲ್ಲದ್ದೇ ನಂಗೆ ಹೆದರಿಕೆ. ನಿಂತ್ರೆ ಗುಣ ಆತು ಅಂತ ಅಲ್ಲ. ಒಳಗೆ ಗಡ್ಡೆ ಇದ್ರೂ ಬಂದು ಬಂದು ನಿಲ್ತದೆ."

ಅದು ಸೋಂಕು ಇರಬಹುದಂತೆ, ಕಲ್ಲು ಇರಬಹುದಂತೆ, ಮೂತ್ರಕೋಶದಲ್ಲಿ ಬೇಡದ ಬೆಳವಣಿಗೆ ಇರಬಹುದಂತೆ. ಬೀಟ್‌ರೂಟ್ ತಿಂದವರಿಗೂ, ಕೆಲವು ಮಾತ್ರೆ ನುಂಗಿದವರಿಗೂ ಕೆಂಪಗೆ ಹೋಗುವುದುಂಟಂತೆ. ಬಣ್ಣ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಮೊದಲು ಉಚ್ಚೆ ಪರೀಕ್ಷೆ, ಆಮೇಲೆ ಹೊಟ್ಟೆಯ ಸ್ಕ್ಯಾನು, ಬೇಕಾದರೆ ಸಣ್ಣ ನಳಿಗೆಯಲ್ಲಿ ಕ್ಯಾಮೆರಾ ಬಿಟ್ಟು ಒಳಗೆ ನೋಡುತ್ತಾರೆ. ಇದಿಷ್ಟಕ್ಕೆ ನೀನು ಕಟ್ಟಿಗೆಯ ಜೊತೆ ಮಲಗಿದ್ದೀಯ.

ಮುಖ್ಯವಾದದ್ದನ್ನು ಕೇಳು. ಹೆಪ್ಪುಗಟ್ಟಿದ ರಕ್ತ ಬಿದ್ದರೆ, ಉಚ್ಚೆ ಕಟ್ಟಿದರೆ, ಚಳಿಜ್ವರ ಬಂದರೆ, ಪಕ್ಕೆಯಲ್ಲಿ ತಡೆಯಲಾರದ ನೋವು ಬಂದರೆ, ಬೆಳಗಾಗಲಿ ಅಂತ ಕಾಯಬಾರದು. ಆ ಕ್ಷಣ ಹೊರಡಬೇಕು.

ಇನ್ನು ಹೊರಗಿನ ತಮಾಷೆ. ನಾನು ಎದ್ದು ಬರುವಾಗ ಕಾಸರಕೋಡಿನ ಒಬ್ಬ ಬೋಟಿನವನು, ಅಣ್ಣಪ್ಪ ಅಂತ ಹೆಸರು, ಬಿಪಿ ನೋಡಿಸಲು ಹೆಂಡತಿಯನ್ನು ಕರೆದುಕೊಂಡು ಬಂದವನು, ಎದ್ದು ನಿಂತ. ಅವನು ಹೇಳಿದ್ದನ್ನು, ಆಮೇಲೆ ಉಳಿದವರು ಹೇಳಿದ್ದನ್ನೂ, ಕಾಂಪೌಂಡರ್ ನನ್ನ ಕಿವಿಗೆ ಬಾಯಿಟ್ಟು ಹೇಳಿದ. "ನಂಗೂ ಹೋಗಿತ್ತು ಡಾಕ್ಟ್ರೆ, ಎರಡು ಸಲ. ಬಿರಿಂಡಾ ಪಾನಕ ಕುಡ್ದೆ, ನಿಂತೋತು. ಬೋಟ್ನಾಗೆ ಸಮುದ್ರಕ್ಕೇ ಹೊಯ್ಯೂದು, ಮತ್ತೆ ಹೋಗ್ತದೋ ಇಲ್ವೋ ಯಾರು ಕಂಡಾರು!" ಹೆಂಡತಿ ಅವನ ತೋಳಿಗೆ ಬಾರಿಸಿದಳು. "ಮೂರು ತಿಂಗ್ಳಿಂದ ನಂಗೆ ಹೇಳ್ಳೇ ಇಲ್ಲ ಈ ಮನ್ಷ!" ಮೂಲೆಯಲ್ಲಿದ್ದ ಸುಬ್ಬಿ ಅನ್ನುವ ಮುದುಕಿ, ತನಗೂ ಬೇಸಿಗೆಯಲ್ಲಿ ಆಗಿತ್ತು, ಉಷ್ಣ ಅಂತ ಎಳನೀರು ಕುಡಿದು ಸುಮ್ಮನಾದೆ ಅಂದಳು. ಡಾಕ್ಟರು ಪರದೆ ಸರಿಸಿ, "ಇನ್ನೂ ಯಾರ್ಯಾರಿದ್ದೀರಿ, ಎಲ್ರೂ ಒಳಗೆ ಬನ್ನಿ" ಅಂದರು.

ಅಲ್ಲಿ ನಿಂತು ನನಗೆ ನಗು ಬರಲಿಲ್ಲ, ಅಸಹ್ಯವಾಯಿತು. ಪಕ್ಕದ ಮನೆಯ ಸಾರಿಗೆ ಯಾವ ಮೀನು ಬಿತ್ತು ಅಂತ ಬೇಲಿ ಹಾರಿ ನೋಡುವ ಜನ ನಾವು. ನಮ್ಮ ಮೈಯಿಂದ ರಕ್ತ ಹೋದರೆ ನೀರು ಹಾಕಿ ತೊಳೆದು ಬರುತ್ತೇವೆ.

ಒಬ್ಬ "ನಿಮ್ಮ ತಂಗಿ ಯಾವೂರು ಅಜ್ಜ?" ಅಂತ ಕೇಳಿದ. ಹೇಳಿದೆ. ಹೆಸರನ್ನೂ ಹೇಳಿದೆ. ಏನು ತಪ್ಪು?

ಈ ವಾರವೇ ಹೋಗು.

ಮಾಬ್ಲೇಶ್ವರ

•

ಶಿರಾಲಿ
೨೪ ಸೆಪ್ಟೆಂಬರ್ ೨೦೨೫

ಅಣ್ಣನಿಗೆ,

ನಾವೆಲ್ಲ ಕ್ಷೇಮ.

ನೀನು ಕುಮಟಾದಲ್ಲಿ ನನ್ನ ಹೆಸರು ಹೇಳಿ ಕೂಗಿದ್ದು ಇಲ್ಲಿಯವರೆಗೆ ಬಂತು. ಶಿರಾಲಿ ಸಂತೆಯಲ್ಲಿ ಗಂಗಿ ನನ್ನನ್ನು ನಿಲ್ಲಿಸಿ, "ಎಂತ ಮಾಸ್ತಕ್ಕ, ಮತ್ತೆ ಹುಡುಗಿ ಆದಿಯಂತೆ!" ಅಂದಳು. ನಾಲ್ಕು ಜನ ನಕ್ಕರು. ನಾನು ತರಕಾರಿ ಕೊಳ್ಳದೆ ಬಂದೆ.

ಈಗ ಪೂರ್ತಿ ನಿಂತಿದೆ. ಒಂದು ಹನಿಯೂ ಇಲ್ಲ. ನೇಮ ಮುಗಿಯಲು ದೀಪಾವಳಿವರೆಗೆ ಮಾತ್ರ ಉಳಿದಿದೆ. ಆಮೇಲೆ ನೋಡುವ. ಮೋಹನನಿಗೂ ಈಗ ರಜೆ ಸಿಗುವುದಿಲ್ಲ.

ಇನ್ನು ಇದರ ಬಗ್ಗೆ ಬರೆಯಬೇಡ. ಕೈ ಮುಗಿಯುತ್ತೇನೆ.

ಮಾಸ್ತಮ್ಮ

•

ಕುಮಟಾ
೨೯ ಸೆಪ್ಟೆಂಬರ್ ೨೦೨೫

ಮಾಸ್ತಮ್ಮ,

ನಿಂತದ್ದು ಗುಣವಲ್ಲ. ನಿಂತದ್ದು ಗುಣವಲ್ಲ. ನಿಂತದ್ದು ಗುಣವಲ್ಲ.

ಗಂಗಿಯ ನಾಲಗೆಗೆ ಹೆದರುತ್ತೀಯ, ಇದಕ್ಕೆ ಹೆದರುವುದಿಲ್ಲ. ನಿನ್ನ ಮಗನಿಗೆ ರಜೆ ಸಿಗುವುದಿಲ್ಲ. ಪಾತ್ರಿಯ ಹತ್ತಿರ ಹೋಗಲು ಸಿಕ್ಕಿತ್ತು. ಥೂ! ಇದಕ್ಕಿಂತ ಹೆಚ್ಚು ಬರೆದರೆ ಕಾಗದ ಹೊಲಸಾಗುತ್ತದೆ.

ಅಣ್ಣ

•

ಶಿರಾಲಿ
೧೮ ನವೆಂಬರ್ ೨೦೨೫

ಅಣ್ಣ,

ನೀನು ಆಸ್ಪತ್ರೆಗೆ ಬಂದು ಮಂಚದ ಹತ್ತಿರ ಕೂತಾಗ ನನಗೆ ಹೇಳಲು ತುಂಬ ಇತ್ತು. ಹೇಳಿದರೆ ವಾರ್ಡಿಗೆಲ್ಲ ಕೂಗಿ ಹೇಳಬೇಕಿತ್ತು. ಅದಕ್ಕೆ ನಿನ್ನ ಕೈ ಹಿಡಿದುಕೊಂಡೆ. ಈಗ ಬರೆಯುತ್ತೇನೆ. ಒಳಗಿನ ಕೋಣೆಯಲ್ಲಿ, ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ದೀಪಾವಳಿಗೆ ಹಂಡೆಗೆ ನೀರು ತುಂಬಿದ ದಿನ ಮತ್ತೆ ಬಂತು. ಈ ಸಲ ಹುಣಸೆ ಬೀಜದಂಥ ಹೆಪ್ಪು ಬಿತ್ತು. ನೀನು ಬರೆದದ್ದು ನೆನಪಿತ್ತು. ಇನ್ನು ಮೂರೇ ದಿನ, ನೇಮ ಮುಗಿಯಲಿ ಅಂತ ಯಾರಿಗೂ ಹೇಳಲಿಲ್ಲ. ಪಾಡ್ಯದ ಬೆಳಿಗ್ಗೆ ಉಚ್ಚೆ ಕಟ್ಟಿತು. ಹೊಟ್ಟೆ ಕೊಡಪಾನದ ಹಾಗೆ ಬಿಗಿಯಿತು. ಕಟ್ಟಿಗೆ ಕೋಣೆಯಲ್ಲಿ ಗೋಡೆ ಹಿಡಿದು ನಿಂತೆ, ಕೂತೆ, ಮತ್ತೆ ನಿಂತೆ. ಹೆರಿಗೆಗೂ ಅಷ್ಟು ಕೂಗಿರಲಿಲ್ಲ.

ಅಂಗಳದಲ್ಲಿ ಮೋಹನ ಕಾರಿಗೆ ಪೂಜೆ ಮಾಡಿ ಸೇವಂತಿಗೆ ಹಾರ ಹಾಕಿದ್ದ. ದಿವ್ಯಶ್ರೀ ಓಡಿ ಬಂದು ನನ್ನನ್ನು ಎತ್ತಿದಳು. ನಾನು "ಮುಟ್ಬೇಡ್ವೇ, ಹಬ್ಬ" ಅಂದೆ. ಮೋಹನ ಕೀಲಿ ಹಿಡಿದು ನಿಂತಿದ್ದ. "ಗಾಡಿಗೆ ಪೂಜೆ ಆಗಿದೆ, ಆಟೋ ತತ್ತೆ, ಹತ್ತೇ ನಿಮಿಷ" ಅಂದ. ನಾನೂ "ಹೌದು, ಆಟೋ ತಾ" ಅಂದೆ ಅಣ್ಣ. ಅದನ್ನು ನಿನಗೆ ಹೇಳಲೇಬೇಕು. ಅವನೊಬ್ಬನೇ ಅಲ್ಲ, ನಾನೂ ಅಂದೆ.

ದಿವ್ಯಶ್ರೀ ಹಾರ ಕಿತ್ತು ಅಂಗಳಕ್ಕೆ ಎಸೆದಳು. "ಗಾಡಿ ತೊಳೂಕೆ ಬಾವಿಲಿ ನೀರುಂಟು. ಬಾಗ್ಲು ತೆಗೀರಿ" ಅಂದಳು. ಅವಳು ಅವನ ಹತ್ತಿರ ಹಾಗೆ ಮಾತಾಡಿದ್ದು ನಾನು ಕಂಡಿರಲಿಲ್ಲ. ಭಟ್ಕಳ ಮುಟ್ಟುವವರೆಗೆ ನನ್ನ ತಲೆ ಅವಳ ತೊಡೆಯ ಮೇಲಿತ್ತು. ಹಬ್ಬದ ಹೊಸ ಸೀರೆ ಅವಳದ್ದು, ಪೂರ್ತಿ ಹಾಳಾಯಿತು. ಭಟ್ಕಳದಲ್ಲಿ ನಳಿಗೆ ಹಾಕಿದರು. ಚೀಲ ತುಂಬಿದ್ದನ್ನು ನಾನು ನೋಡಿದೆ. ಇಷ್ಟು ದಿನ ಬಚ್ಚಲಲ್ಲಿ ಕಣ್ಣು ಮುಚ್ಚಿ ನೀರು ಹಾಕುತ್ತಿದ್ದೆ. ಚೀಲಕ್ಕೆ ನೀರು ಹಾಕಲು ಆಗುವುದಿಲ್ಲವಲ್ಲ.

ಅಲ್ಲಿಂದ ಉಡುಪಿ ಕಡೆಗೆ ಕಳಿಸಿದರು, ಒಳಗೆ ಕ್ಯಾಮೆರಾ ಬಿಟ್ಟು ಹೆರೆದು ತೆಗೆದರು, ಅದೆಲ್ಲ ನಿನಗೆ ಗೊತ್ತು. ಗೊತ್ತಿಲ್ಲದ್ದು ಮೊನ್ನೆ ಬಂದ ರಿಪೋರ್ಟು. ಅದು ಕ್ಯಾನ್ಸರ್ ಹೌದು. ಒಳಪದರದಲ್ಲಿಯೇ ಇದೆ, ಗೋಡೆಯ ಒಳಗೆ ಇಳಿದಿಲ್ಲ ಅಂದರು. ವಾರಕ್ಕೊಮ್ಮೆ ಮೂತ್ರಕೋಶಕ್ಕೇ ಔಷಧಿ ಬಿಡುತ್ತಾರೆ. ಆಮೇಲೆ ಮೂರು ತಿಂಗಳಿಗೊಮ್ಮೆ ಒಳಗೆ ನೋಡಬೇಕು, ಮರಳಿ ಬರುವ ಜಾತಿಯಂತೆ. "ಮೊದಲ ಸಲ ಕೆಂಪು ಕಂಡಾಗಲೇ ಬಂದಿದ್ದರೆ ಇನ್ನೂ ಸಣ್ಣದಿರುತ್ತಿತ್ತು" ಅಂದರು. ಮೋಹನ ನೆಲ ನೋಡುತ್ತಿದ್ದ. ಈಗ ದಿನಾ ಬೆಳಿಗ್ಗೆ ಬಂದು ನನ್ನ ಮಂಚದ ಹತ್ತಿರ ನಿಲ್ಲುತ್ತಾನೆ. ಅವನಿಗೆ ಬೈದು ಬರೆಯಬೇಡ. ಬೈಯುವುದಿದ್ದರೆ ನಾನು ಬೈಯುತ್ತೇನೆ, ಮೈಯಲ್ಲಿ ಶಕ್ತಿ ಬರಲಿ.

ಯಾಕೆ ನಿನಗೆ ಮೊದಲೇ ಹೇಳಲಿಲ್ಲ ಅಂತ ಆಸ್ಪತ್ರೆಯಲ್ಲಿ ನೀನು ಕೇಳಿದೆ. ನಾಚಿಕೆ ಅಂತ ನೀನು ತಿಳಿದಿರಬಹುದು. ನಾಚಿಕೆ ಇತ್ತು. ಇನ್ನೊಂದೂ ಇತ್ತು. ನಿನಗೆ ಚಿಕ್ಕಂದಿನಿಂದ ಎಲ್ಲದರ ಮೇಲೂ ಹೇಸಿಗೆ. ಊರಿನ ಮೇಲೆ, ಮಂದಿಯ ಮೇಲೆ, ದೇವರ ಮೇಲೆ. ನೀನು 'ಥೂ' ಅಂದದ್ದನ್ನು ಎಷ್ಟು ಸಲ ಕೇಳಿದ್ದೇನೆ. ಅದು ನನ್ನ ಮೇಲೂ ಬಂದರೆ ಅಂತ ಹೆದರಿದೆ. ಸಿಟ್ಟಾಗಬೇಡ, ಇದ್ದದ್ದನ್ನು ಬರೆದೆ.

ದಿವ್ಯಶ್ರೀಗೆ ನೀನು ಬರೆದ ಪತ್ರವನ್ನು ಅವಳು ಹರಿದು ಹಾಕಿಲ್ಲ. ಕೇಳಿದರೆ, "ಮಾವ ಬಂದಾಗ ಅವ್ರ ಕೈಲೇ ಒಲೆಗೆ ಹಾಕಿಸ್ತೆ" ಅಂದಳು. ಬಂದು ಹಾಕು. ಆ ದಿನ ಕಡಬು ನಾನು ಮಾಡುತ್ತೇನೆ, ಅರಿಶಿನ ಎಲೆ ಸಿಗದಿದ್ದರೆ ಬಾಳೆಲೆಯಲ್ಲಿ.

ಇನ್ನೊಂದು ಮಾತು. ಅಲ್ಲಿಯ ಡಾಕ್ಟರು ನನ್ನ ಹತ್ತಿರ ಮೊದಲು ಕೇಳಿದ್ದು, "ಬೀಡಿ ಸೇದ್ತೀರಾ ಅಮ್ಮ?" ಅಂತ. ಈ ಕಾಯಿಲೆ ಹೆಚ್ಚು ಬರುವುದು ಸೇದುವವರಿಗಂತೆ, ಹೆಂಗಸರಿಗಿಂತ ಗಂಡಸರಿಗೆ ಜಾಸ್ತಿಯಂತೆ. ನಾನು ಇಲ್ಲ ಅಂದೆ. ಮಂಚದ ಮೇಲೆ ಮಲಗಿ ನಿನ್ನದೇ ಯೋಚನೆ ಮಾಡಿದೆ. ನೀನು ಇಷ್ಟು ಓದುತ್ತೀಯ, ಪತ್ರಿಕೆಗೆ ಬರೆಯುತ್ತೀಯ, ಕುಮಟಾದಲ್ಲಿ ಕಂಡವರ ಉಚ್ಚೆಯ ವಿಷಯ ಕೂಗಿ ಹೇಳಿದೆ. ನಿನ್ನದು ಯಾವ ಬಣ್ಣ ಅಂತ ನಿನಗೆ ಗೊತ್ತುಂಟಾ? ಬೀಡಿಯ ಬೆಳಕಲ್ಲಿ ಎಂತ ಕಾಣುತ್ತದೆ?

ಬಚ್ಚಲಿಗೆ ಒಂದು ಬಲ್ಬು ಹಾಕಿಸು. ನಾಳೆಯೇ ಹಾಕಿಸು. ಕಣ್ಣು ಬಿಟ್ಟು ನೋಡು. ನೋಡಿ ನನಗೆ ಬರೆ. ಕ್ಷೇಮ ಅಂತ ಬರೀಬೇಡ, ಬಣ್ಣ ಬರೆ.

ನಿನ್ನ ತಂಗಿ
ಮಾಸ್ತಮ್ಮ